ಸರತಿ ಸಾಲಿಗೂ ಒಂದು ಬೆಲೆ

ನನ್ನ ಅಕ್ಕನ ಮಗ ಅಮೆರಿಕದ ಸಿಯಾಟಲ್ ನಗರದಲ್ಲಿ ಕೆಲಸದಲ್ಲಿದ್ದಾನೆ. ಕಚೇರಿಯ ಕೆಲಸ, ಗೆಳೆಯರ ಮದುವೆ ಎಂದು ವರ್ಷಕ್ಕೆ ನಾಲ್ಕು ಬಾರಿಯಾದರೂ ವಿಮಾನ ಹತ್ತುತ್ತಾನೆ. 2024ರ ಕೊನೆಯಲ್ಲಿ ಒಂದು ದಿನ ಫೋನು ಮಾಡಿ ಕೇಳಿದ: "ಮಾಮ, ಇಲ್ಲಿ ಏರ್‌ಪೋರ್ಟ್‌ನಲ್ಲಿ ಸೆಕ್ಯುರಿಟಿ ಕ್ಯೂ ಬೇಗ ದಾಟೋದಕ್ಕೆ ಮೆಂಬರ್‌ಷಿಪ್ ಮಾರ್ತಾರೆ. ತಗೊಂಡ್ರೆ ಲಾಭವೋ, ದಂಡವೋ? ನೀವು ಸೈನ್ಸ್ ಓದಿದವರು, ಲೆಕ್ಕ ಹಾಕಿ ಹೇಳಿ."

ಲೆಕ್ಕ ಹಾಕಲು ಹತ್ತು ನಿಮಿಷ ಸಾಕಾಯಿತು. ಆದರೆ ಎಲ್ಲರ ರಕ್ಷಣೆಗೆಂದು ಸರಕಾರ ಇಟ್ಟ ತಪಾಸಣೆಯ ಸಾಲಿನಲ್ಲಿ ಮುಂದಿನ ಜಾಗ ಮಾರಾಟದ ವಸ್ತುವಾದದ್ದು ಹೇಗೆ ಎಂಬ ಪ್ರಶ್ನೆ ಅಲ್ಲಿಗೆ ಮುಗಿಯಲಿಲ್ಲ. ಅದನ್ನು ಹುಡುಕಿಕೊಂಡು ಹೋದಾಗ ಅರವತ್ತು ವರ್ಷಗಳ ಇತಿಹಾಸವೇ ಸಿಕ್ಕಿತು. ಅರ್ಧ ಗಂಟೆಯ ಮಾತುಕತೆ ಕಾರ್ಯಕ್ರಮದಲ್ಲಿ ಅಷ್ಟನ್ನೂ ಹೇಳಲು ಬಿಡುವಿಲ್ಲ. ಅದಕ್ಕೇ ಈ ಪುಟಗಳು. ವಿದ್ಯಾರ್ಥಿ ಮಿತ್ರರಲ್ಲಿ ಅನೇಕರು ಇನ್ನೂ ವಿಮಾನ ಹತ್ತಿರಲಿಕ್ಕಿಲ್ಲ. ಚಿಂತೆಯಿಲ್ಲ, ಸಾಲಿನಲ್ಲಿ ನಿಂತ ಅನುಭವ ಎಲ್ಲರಿಗೂ ಇದೆ.

ಬಸ್ಸು ಹತ್ತಿದಂತೆ ವಿಮಾನ ಹತ್ತುತ್ತಿದ್ದ ಕಾಲ

1950ರ ದಶಕದ ಅಮೆರಿಕದಲ್ಲಿ ವಿಮಾನ ಪ್ರಯಾಣಿಕನನ್ನು ಯಾರೂ ತಡೆದು ತಡವುತ್ತಿರಲಿಲ್ಲ. ಟಿಕೆಟ್ ತೋರಿಸಿದರೆ ಮುಗಿಯಿತು. ಬೀಳ್ಕೊಡಲು ಬಂದವರೂ ವಿಮಾನದ ಬಾಗಿಲಿನ ಸಮೀಪದವರೆಗೆ ಹೋಗಬಹುದಿತ್ತು.

1961ರ ಮೇ 1ರಂದು ಮಯಾಮಿಯಿಂದ ಕೀ ವೆಸ್ಟ್‌ಗೆ ಹೊರಟಿದ್ದ ನ್ಯಾಷನಲ್ ಏರ್‌ಲೈನ್ಸ್ ವಿಮಾನದಲ್ಲಿ ಒಬ್ಬ ಪ್ರಯಾಣಿಕ ಆಯುಧ ತೋರಿಸಿ, ವಿಮಾನವನ್ನು ಕ್ಯೂಬಾಕ್ಕೆ ತಿರುಗಿಸಿದ. ಆ ದೇಶದ ಇತಿಹಾಸದಲ್ಲಿ ಇಂಥ ಅಪಹರಣಗಳ ಸರಣಿ ಶುರುವಾದದ್ದು ಅಲ್ಲಿಂದ. ವಿಮಾನಾಪಹರಣ ಎಂಬ ಅಪರಾಧಕ್ಕೆ ಪ್ರತ್ಯೇಕ ಕಾನೂನು ಕೂಡ ಆಗ ಇರಲಿಲ್ಲ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಅಧ್ಯಕ್ಷ ಕೆನಡಿ ಅಂಥ ಕಾನೂನಿಗೆ ಸಹಿ ಹಾಕಿದರು.

ಕಾನೂನು ಬಂದರೂ ಪಿಡುಗು ನಿಲ್ಲಲಿಲ್ಲ. 1968ರಿಂದ 1972ರವರೆಗಿನ ಐದು ವರ್ಷಗಳಲ್ಲಿ ಅಮೆರಿಕದ 130ಕ್ಕೂ ಹೆಚ್ಚು ವಿಮಾನಗಳ ಮೇಲೆ ಅಪಹರಣಕಾರರು ಕೈ ಹಾಕಿದರು. ಬಹುಪಾಲು ಕ್ಯೂಬಾಕ್ಕೇ ಹೋಗುತ್ತಿದ್ದವು. ಆಮೇಲೆ ವಾಪಸಾಗುತ್ತಿದ್ದವು. ಇಷ್ಟಾದರೂ ಪ್ರತಿಯೊಬ್ಬ ಪ್ರಯಾಣಿಕನನ್ನೂ ತಪಾಸಣೆ ಮಾಡುವ ಮಾತಿಗೆ ವಿಮಾನ ಕಂಪನಿಗಳು ಒಪ್ಪಲಿಲ್ಲ. ಖರ್ಚು ಹೆಚ್ಚು, ಗಿರಾಕಿ ಬೇಸರಪಡುತ್ತಾನೆ, ಆತನನ್ನು ಕಳ್ಳನಂತೆ ನೋಡಿದರೆ ಮುಂದಿನ ಸಲ ರೈಲು ಹಿಡಿಯುತ್ತಾನೆ ಎಂಬುದು ಅವರ ವಾದ.

ಇಲ್ಲಿ ಒಂದು ಸ್ವಾರಸ್ಯದ ಘಟ್ಟ ಬರುತ್ತದೆ. ಅಮೆರಿಕದ ವಿಮಾನಯಾನ ಆಡಳಿತದಲ್ಲಿ ಜಾನ್ ಡೇಲಿ ಎಂಬ ಮನಶ್ಶಾಸ್ತ್ರಜ್ಞರಿದ್ದರು. ಅಲ್ಲಿಯವರೆಗಿನ ಅಪಹರಣಕಾರರ ವಿವರಗಳನ್ನೆಲ್ಲ ಅಭ್ಯಾಸ ಮಾಡಿ, ಅವರ ನಡವಳಿಕೆಯಲ್ಲಿ ಸಾಮಾನ್ಯವಾದ ಲಕ್ಷಣಗಳನ್ನು ಪಟ್ಟಿ ಮಾಡಿದರು. ಟಿಕೆಟ್ ಕಟ್ಟೆಯ ನೌಕರ ಆ ಪಟ್ಟಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಪ್ರಯಾಣಿಕನನ್ನು ಗಮನಿಸಬೇಕು. ಲಕ್ಷಣ ಹೊಂದಿದವನನ್ನು ಮಾತ್ರ ಲೋಹಶೋಧಕದ ಮೂಲಕ ದಾಟಿಸಬೇಕು. ಉಳಿದವರಿಗೆ ಏನೂ ಗೊತ್ತಾಗುವುದಿಲ್ಲ. 1969ರಲ್ಲಿ ಈಸ್ಟರ್ನ್ ಏರ್‌ಲೈನ್ಸ್ ಇದನ್ನು ಜಾರಿಗೆ ತಂದಿತು. ನೂರು ಪ್ರಯಾಣಿಕರಲ್ಲಿ ಒಬ್ಬರೂ ಈ ಬಲೆಗೆ ಬೀಳುವಂತಿರಲಿಲ್ಲ, ಅಷ್ಟು ಕಿರಿದಾದ ಬಲೆ. ಪ್ರಯಾಣಿಕರನ್ನು 'ಅನುಮಾನದವರು', 'ನಂಬಬಹುದಾದವರು' ಎಂದು ಎರಡು ಪಾಲು ಮಾಡುವ ವಿಚಾರ ಮೊದಲು ಬಂದದ್ದು ಹೀಗೆ. ಇದನ್ನು ನೆನಪಿಡಿ, ನಲವತ್ತು ವರ್ಷಗಳ ನಂತರ ಇದೇ ವಿಚಾರ ಬೆಲೆಚೀಟಿ ಅಂಟಿಸಿಕೊಂಡು ಮರಳಿ ಬರುತ್ತದೆ.

ಬಲೆ ಹರಿದದ್ದು ಬೇಗ. 1971ರ ನವೆಂಬರ್ 24ರಂದು ಡಿ. ಬಿ. ಕೂಪರ್ ಎಂದು ಮುಂದೆ ಹೆಸರಾದ ಅನಾಮಿಕನೊಬ್ಬ ಎರಡು ಲಕ್ಷ ಡಾಲರ್ ಪಡೆದು, ಹಾರುತ್ತಿದ್ದ ವಿಮಾನದಿಂದ ಪ್ಯಾರಾಚೂಟಿನಲ್ಲಿ ಜಿಗಿದು ಮಾಯವಾದ. ಸೂಟು, ಟೈ ಹಾಕಿಕೊಂಡಿದ್ದ ಸಭ್ಯನಂತೆ ಇದ್ದನಂತೆ. ಮರುವರ್ಷ ನವೆಂಬರ್ 10ರಂದು ಸದರ್ನ್ ಏರ್‌ವೇಸ್‌ನ 49ನೇ ವಿಮಾನವನ್ನು ಮೂವರು ಅಪಹರಿಸಿದರು. ಒಂದು ಕೋಟಿ ಡಾಲರ್ ಬೇಡಿಕೆ. ಕೊಡದಿದ್ದರೆ ಟೆನೆಸ್ಸಿ ರಾಜ್ಯದ ಓಕ್ ರಿಜ್‌ನ ಪರಮಾಣು ಸ್ಥಾವರದ ಮೇಲೆ ವಿಮಾನವನ್ನು ಕೆಡವುತ್ತೇವೆಂಬ ಬೆದರಿಕೆ. ಸುಮಾರು ಮೂವತ್ತು ಗಂಟೆ ಊರಿಂದೂರಿಗೆ ಅಲೆದ ಆ ವಿಮಾನ ಕೊನೆಗೆ ಹವಾನಾದಲ್ಲಿ ಇಳಿಯಿತು. ವಿಮಾನವೇ ಬಾಂಬಾಗಬಹುದೆಂಬುದು ಅಂದು ಎಲ್ಲರಿಗೂ ಹೊಳೆಯಿತು.

ಒಂದು ತಿಂಗಳೊಳಗೆ, 1972ರ ಡಿಸೆಂಬರ್ 5ರಂದು, ಸರಕಾರ ತುರ್ತು ಆಜ್ಞೆ ಹೊರಡಿಸಿತು. 1973ರ ಜನವರಿ 5ರಿಂದ ಪ್ರತಿಯೊಬ್ಬ ಪ್ರಯಾಣಿಕನ ತಪಾಸಣೆ, ಪ್ರತಿಯೊಂದು ಕೈಚೀಲದ ತಪಾಸಣೆ. ಮಂತ್ರಿಯಾಗಲಿ ಮೇಸ್ತ್ರಿಯಾಗಲಿ, ಎಲ್ಲರಿಗೂ ಅದೇ ಚೌಕಟ್ಟಿನ ಕೆಳಗಿನ ದಾರಿ. ಕಾರಣವಿಲ್ಲದೆ ಪ್ರಜೆಯನ್ನು ಶೋಧಿಸಬಾರದೆಂಬ ಸಂವಿಧಾನದ ನಿಯಮ ಇದರಿಂದ ಮುರಿಯುವುದಿಲ್ಲವೇ ಎಂದು ನ್ಯಾಯಾಲಯಗಳಲ್ಲಿ ಚರ್ಚೆಯಾಯಿತು. 1973ರ ಡೇವಿಸ್ ಪ್ರಕರಣದಲ್ಲಿ ಮೇಲ್ಮನವಿ ನ್ಯಾಯಾಲಯ ಕಂಡುಕೊಂಡ ದಾರಿಯ ತಾತ್ಪರ್ಯ ಇದು: ಒಬ್ಬ ವ್ಯಕ್ತಿಯನ್ನು ಗುರಿಯಾಗಿಸಿದ ಶೋಧ ಇದಲ್ಲ, ವಿಮಾನ ಹತ್ತುವವರೆಲ್ಲರಿಗೂ ಅನ್ವಯಿಸುವ ಆಡಳಿತ ವ್ಯವಸ್ಥೆ, ಆದ್ದರಿಂದ ಮಿತಿಯೊಳಗೆ ನಡೆದರೆ ಸಮ್ಮತ. ಎಂದರೆ, ಸಾಲು ಎಲ್ಲರಿಗೂ ಒಂದೇ ಎಂಬುದೇ ಅದರ ಸಮರ್ಥನೆಯ ಒಂದು ಆಧಾರವಾಗಿತ್ತು. ಅಪಹರಣಗಳ ಸಂಖ್ಯೆ ಆ ವರ್ಷ ಬೆರಳೆಣಿಕೆಗೆ ಇಳಿಯಿತು. ಕ್ಯೂಬಾದೊಡನೆ ಅದೇ ಫೆಬ್ರುವರಿಯಲ್ಲಿ ಆದ ಒಪ್ಪಂದವೂ ಇದಕ್ಕೆ ನೆರವಾಯಿತು.

ಉದ್ದವಾದ ಸಾಲು, ಅದರೊಳಗೊಂದು ವ್ಯಾಪಾರ

ಮುಂದಿನ ಇಪ್ಪತ್ತೆಂಟು ವರ್ಷ ಈ ತಪಾಸಣೆಯನ್ನು ನಡೆಸಿದ್ದು ವಿಮಾನ ಕಂಪನಿಗಳು. ಅವರ ಪರವಾಗಿ ಕಡಿಮೆ ಸಂಬಳದ ಗುತ್ತಿಗೆ ನೌಕರರು. 2001ರ ಸೆಪ್ಟೆಂಬರ್ 11 ಅದನ್ನು ಕೊನೆಗಾಣಿಸಿತು. ಅದೇ ನವೆಂಬರ್ 19ರಂದು ಬಂದ ಕಾನೂನು ತಪಾಸಣೆಯನ್ನು ಕೇಂದ್ರ ಸರಕಾರದ ಹೊಸ ಇಲಾಖೆಯೊಂದಕ್ಕೆ ವಹಿಸಿತು. ಅದೇ ಟಿಎಸ್‌ಎ, ಅಂದರೆ ಸಾರಿಗೆ ಭದ್ರತಾ ಆಡಳಿತ. ಖರ್ಚಿಗಾಗಿ ಪ್ರತಿ ಟಿಕೆಟ್ಟಿನ ಮೇಲೆ ಭದ್ರತಾ ಶುಲ್ಕ ಬಂತು. ವಿಮಾನ ಹತ್ತಿದ ಪ್ರತಿ ಬಾರಿ ಎರಡೂವರೆ ಡಾಲರ್. 2014ರ ಜುಲೈಯಲ್ಲಿ ಅದು ಒಂದು ದಿಕ್ಕಿನ ಪ್ರಯಾಣಕ್ಕೆ 5 ಡಾಲರ್ 60 ಸೆಂಟ್ ಆಯಿತು. ಈ ಏರಿಕೆಯ ಹಣದ ಒಂದು ಭಾಗ ಭದ್ರತೆಗೆ ಹೋಗದೆ ಸರಕಾರದ ಬಜೆಟ್ ಕೊರತೆ ತುಂಬಲು ಹೋಗುವಂತೆ 2013ರ ಬಜೆಟ್ ಕಾನೂನಿನಲ್ಲೇ ಬರೆಯಲಾಯಿತು. ಈ ಸಂಗತಿ ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಮುಂದೆ ಇದಕ್ಕೆ ಮರಳುತ್ತೇನೆ.

ಒಂದೊಂದು ಸಂಚು ಬಯಲಾದಾಗಲೂ ತಪಾಸಣೆಯ ಪಟ್ಟಿ ಬೆಳೆಯಿತು. 2001ರ ಡಿಸೆಂಬರಿನಲ್ಲಿ ರಿಚರ್ಡ್ ರೀಡ್ ಎಂಬಾತ ಬೂಟಿನಲ್ಲಿ ಸ್ಫೋಟಕ ಅಡಗಿಸಿಕೊಂಡು ವಿಮಾನ ಹತ್ತಿದ. ಮುಂದೆ 2006ರಲ್ಲಿ ಎಲ್ಲರೂ ಬೂಟು ಬಿಚ್ಚುವುದು ಕಡ್ಡಾಯವಾಯಿತು. ಅದೇ ಆಗಸ್ಟಿನಲ್ಲಿ ದ್ರವ ಸ್ಫೋಟಕಗಳ ಸಂಚು ಲಂಡನ್ನಿನಲ್ಲಿ ಪತ್ತೆಯಾದ ಮೇಲೆ ನೀರಿನ ಬಾಟಲಿಗೂ ನಿಷೇಧ. ಕೋಟು, ಬೆಲ್ಟು, ಲ್ಯಾಪ್‌ಟಾಪು ಎಲ್ಲ ತೆಗೆದು ತಟ್ಟೆಯಲ್ಲಿಡಬೇಕು. ಒಬ್ಬೊಬ್ಬನಿಗೂ ತಗಲುವ ಸಮಯ ಹೆಚ್ಚಿತು, ಸಾಲು ಬೆಳೆಯಿತು.

ಆದರೆ 2001ರ ಅದೇ ಕಾನೂನಿನ ಒಂದು ಮೂಲೆಯಲ್ಲಿ, 'ವಿಶ್ವಾಸಾರ್ಹ ಪ್ರಯಾಣಿಕ' ಯೋಜನೆಗಳನ್ನು ರೂಪಿಸಿ ಅಂಥವರ ತಪಾಸಣೆಯನ್ನು ಚುರುಕುಗೊಳಿಸಬಹುದು ಎಂಬ ಮಾತೂ ಇತ್ತು. ಡೇಲಿಯವರ ಪಟ್ಟಿ ಅನುಮಾನದವರನ್ನು ಹುಡುಕುತ್ತಿತ್ತು. ಇದು ಅನುಮಾನವಿಲ್ಲದವರನ್ನು ಹುಡುಕುವ ಯೋಜನೆ. 2004ರ ಬೇಸಿಗೆಯಲ್ಲಿ ಮಿನಿಯಾಪೊಲಿಸ್‌ನಲ್ಲಿ ಪ್ರಯೋಗ ಶುರುವಾಯಿತು. ಪದೇ ಪದೇ ಪ್ರಯಾಣ ಮಾಡುವ ಸ್ವಯಂಸೇವಕರು ಬೆರಳಚ್ಚು ಮತ್ತು ಕಣ್ಣಿನ ಪಾಪೆಯ ಗುರುತು ಕೊಟ್ಟರು. ಆಗ ಅವರಿಂದ ಹಣ ಪಡೆಯಲಿಲ್ಲ.

ಇದರಲ್ಲಿ ವ್ಯಾಪಾರ ಕಂಡವರು ಸ್ಟೀವನ್ ಬ್ರಿಲ್. ನಮ್ಮ ವೃತ್ತಿಯವರೇ ಎನ್ನಬೇಕು. ನ್ಯಾಯಾಲಯದ ಕಲಾಪಗಳನ್ನು ತೋರಿಸುವ ಕೋರ್ಟ್ ಟಿವಿ ಎಂಬ ವಾಹಿನಿಯನ್ನು 1991ರಲ್ಲಿ ಕಟ್ಟಿದವರು. 2003ರಲ್ಲಿ ಅವರು ಸ್ಥಾಪಿಸಿದ ಕಂಪನಿ 2005ರಲ್ಲಿ ಒರ್ಲ್ಯಾಂಡೊ ನಿಲ್ದಾಣದಲ್ಲಿ 'ಕ್ಲಿಯರ್' ಎಂಬ ಹೆಸರಿನ ಕಾರ್ಡನ್ನು ಮಾರತೊಡಗಿತು. ವರ್ಷಕ್ಕೆ ಸುಮಾರು 80 ಡಾಲರ್. ಬೆರಳಿಟ್ಟು ಗುರುತು ಹೇಳಿದರೆ ಕಂಪನಿಯ ನೌಕರ ನಿಮ್ಮನ್ನು ಸಾಲಿನ ಮುಂದಕ್ಕೆ ಕರೆದೊಯ್ಯುತ್ತಾನೆ. ಅಲ್ಲಿ ಉಳಿದವರಿಗೆ ಆಗುವ ತಪಾಸಣೆಯೇ ನಿಮಗೂ.

ಆರಂಭದಲ್ಲಿ ಸರಕಾರವೇ ಸದಸ್ಯರ ಹಿನ್ನೆಲೆಯನ್ನು ಪರಿಶೀಲಿಸುತ್ತಿತ್ತು. 2008ರ ಜುಲೈಯಲ್ಲಿ ಟಿಎಸ್‌ಎ, ಇದರಿಂದ ತಪಾಸಣೆಯಲ್ಲಿ ಯಾವ ರಿಯಾಯಿತಿಯೂ ಇಲ್ಲವಾದ್ದರಿಂದ ಹಿನ್ನೆಲೆ ಪರಿಶೀಲನೆ ಬೇಕಿಲ್ಲವೆಂದು ಕೈಬಿಟ್ಟಿತು. ಅಂದಿನಿಂದ ಆ ಕಾರ್ಡಿನಲ್ಲಿ ಭದ್ರತೆಯ ಅಂಶ ಉಳಿಯಲಿಲ್ಲ. ಉಳಿದದ್ದು ಮುಂದಿನ ಜಾಗ ಮಾತ್ರ. ಅದೇ ತಿಂಗಳು ಸ್ಯಾನ್ ಫ್ರಾನ್ಸಿಸ್ಕೊ ನಿಲ್ದಾಣದ ಕಚೇರಿಯಿಂದ ಕಂಪನಿಯ ಒಂದು ಲ್ಯಾಪ್‌ಟಾಪ್ ಕಾಣೆಯಾಯಿತು. ಸುಮಾರು 33 ಸಾವಿರ ಅರ್ಜಿದಾರರ ವಿವರಗಳು ಅದರಲ್ಲಿದ್ದವು, ಗೂಢಲಿಪಿಯ ಬೀಗವಿಲ್ಲದೆ. ಕೆಲವು ದಿನಗಳ ನಂತರ ಅದು ಅದೇ ಕಚೇರಿಯಲ್ಲಿ ಸಿಕ್ಕಿತು!

2009ರ ಜೂನ್ 22ರ ರಾತ್ರಿ ಕಂಪನಿ ಬಾಗಿಲು ಹಾಕಿತು. ಬ್ರಿಲ್ ಅಷ್ಟರಲ್ಲಿ ಹೊರಬಿದ್ದಿದ್ದರು. ಒಂದೂವರೆ ಲಕ್ಷಕ್ಕೂ ಹೆಚ್ಚು ಸದಸ್ಯರಿಗೆ ಸಿಕ್ಕಿದ್ದು ಒಂದು ಪ್ರಕಟಣೆ. ಹಣ ಹಿಂತಿರುಗಿಸಲು ಸಾಧ್ಯವಿಲ್ಲ ಎಂದೂ ತಿಳಿಸಲಾಯಿತು. ಹಣ ಹೋದರೆ ಹೋಯಿತು, ಆದರೆ ಅಷ್ಟು ಜನರ ಬೆರಳಚ್ಚು, ಕಣ್ಣಿನ ಗುರುತುಗಳು ಯಾರ ಪಾಲು? ಇದೇ ರೀತಿಯ ಸೇವೆ ನಡೆಸುವ ಇನ್ನೊಂದು ಕಂಪನಿಗೆ ಬಿಟ್ಟು ಬೇರಾರಿಗೂ ಮಾರುವುದಿಲ್ಲ ಎಂಬುದು ಕಂಪನಿಯ ಉತ್ತರವಾಗಿತ್ತು. ಪಾಸ್‌ವರ್ಡ್ ಕಳೆದುಕೊಂಡರೆ ಹೊಸದು ಮಾಡಿಕೊಳ್ಳಬಹುದು. ಹೆಬ್ಬೆರಳನ್ನು ಬದಲಾಯಿಸಿಕೊಳ್ಳುವುದು ಹೇಗೆ? 2010ರಲ್ಲಿ ಕ್ಯಾರಿನ್ ಸೀಡ್‌ಮನ್ ಬೆಕರ್ ಮತ್ತು ಕೆನ್ ಕಾರ್ನಿಕ್ ಎಂಬಿಬ್ಬರು ದಿವಾಳಿಯಾದ ಕಂಪನಿಯ ಆಸ್ತಿಯನ್ನು ಕೊಂಡು ಅದೇ ಹೆಸರಿನಲ್ಲಿ ಮತ್ತೆ ತೆರೆದರು. 2021ರಲ್ಲಿ ಅದು ನ್ಯೂಯಾರ್ಕ್ ಶೇರುಪೇಟೆಗೂ ಬಂತು. ಡೆಲ್ಟಾ, ಯುನೈಟೆಡ್ ವಿಮಾನ ಕಂಪನಿಗಳು ಅದರಲ್ಲಿ ಪಾಲು ಪಡೆದವು. ನಿಲ್ದಾಣಗಳಿಗೂ ವರಮಾನದ ಒಂದಂಶ ಹೋಗುತ್ತದೆ.

ಸರಕಾರ ತಾನೇ ಅಂಗಡಿ ತೆರೆದದ್ದು 2011ರ ಅಕ್ಟೋಬರ್ 4ರಂದು. ಅಟ್ಲಾಂಟಾ, ಡಲ್ಲಾಸ್, ಡೆಟ್ರಾಯ್ಟ್, ಮಯಾಮಿ ನಿಲ್ದಾಣಗಳಲ್ಲಿ 'ಪ್ರೀಚೆಕ್' ಆರಂಭವಾಯಿತು. ಮೊದಲು ವಿಮಾನ ಕಂಪನಿಗಳ ಕಾಯಂ ಗಿರಾಕಿಗಳಿಗೆ. 2013ರ ಡಿಸೆಂಬರಿನಿಂದ 85 ಡಾಲರ್ ಕಟ್ಟಿ, ಬೆರಳಚ್ಚು ಕೊಟ್ಟು, ಹಿನ್ನೆಲೆ ಪರಿಶೀಲನೆಗೆ ಒಳಗಾದ ಯಾವುದೇ ನಾಗರಿಕನಿಗೆ, ಐದು ವರ್ಷಗಳ ಅವಧಿಗೆ. ಕ್ಲಿಯರ್‌ಗೂ ಇದಕ್ಕೂ ಮೂಲದಲ್ಲೇ ವ್ಯತ್ಯಾಸವಿದೆ. ಪ್ರೀಚೆಕ್‌ನವನು ಬೂಟು, ಬೆಲ್ಟು ಬಿಚ್ಚುವುದಿಲ್ಲ, ಲ್ಯಾಪ್‌ಟಾಪ್ ಹೊರಗೆ ತೆಗೆಯುವುದಿಲ್ಲ. ಅವನ ತಪಾಸಣೆಯೇ ಹಗುರ, ಆದ್ದರಿಂದ ಚಿಕ್ಕದು. ಅಂಥ ಸಾಲಿನಲ್ಲಿ ಗಂಟೆಗೆ ಸುಮಾರು ದುಪ್ಪಟ್ಟು ಜನ ದಾಟುತ್ತಾರೆಂಬುದು ಅಧಿಕಾರಿಗಳ ಲೆಕ್ಕ.

ಒಂದು ಸಾಲು, ನೂರು ಜನ

ಈಗ ಅಳಿಯನಿಗೆ ಹಾಕಿಕೊಟ್ಟ ಲೆಕ್ಕ. ಸಾಲುಗಳ ಗಣಿತ ಹಳೆಯ ಶಾಸ್ತ್ರ. ಕೋಪನ್‌ಹೇಗನ್ನಿನ ಟೆಲಿಫೋನ್ ಕಂಪನಿಯಲ್ಲಿದ್ದ ಎರ್ಲಾಂಗ್ 1909ರಲ್ಲೇ ಇದಕ್ಕೆ ತಳಹದಿ ಹಾಕಿದರು. ಸಾಲಿನಲ್ಲಿರುವವರ ಸರಾಸರಿ ಸಂಖ್ಯೆಯು, ನಿಮಿಷಕ್ಕೆ ಬರುವವರ ಸಂಖ್ಯೆಯನ್ನು ಕಾಯುವ ಸರಾಸರಿ ಸಮಯದಿಂದ ಗುಣಿಸಿದಷ್ಟು ಎಂಬ ಸರಳ ನಿಯಮವನ್ನು ಜಾನ್ ಲಿಟಲ್ ಸಾಧಿಸಿ ತೋರಿಸಿದ್ದು 1961ರಲ್ಲಿ, ಕ್ಯೂಬಾಕ್ಕೆ ಆ ವಿಮಾನ ಹೋದ ವರ್ಷವೇ. ನಮಗೆ ಅಷ್ಟು ಬೇಡ, ಕೂಡುವ ಗುಣಿಸುವ ಲೆಕ್ಕ ಸಾಕು. ಪೆನ್ಸಿಲ್ ಹಿಡಿಯಿರಿ.

ಸಾಲಿನಲ್ಲಿ 100 ಜನ ಇದ್ದಾರೆ, ತಪಾಸಣೆಗೆ ಒಬ್ಬರಿಗೆ 30 ಸೆಕೆಂಡು ಬೇಕು ಎನ್ನಿ. ಕೊನೆಯ 10 ಜನ ಹಣ ಕೊಟ್ಟು ಮುಂದೆ ಬರುತ್ತಾರೆ. ಒಬ್ಬೊಬ್ಬರೂ 90 ಜನರನ್ನು ದಾಟಿದರು. ಉಳಿದದ್ದು ತಲಾ 45 ನಿಮಿಷ, ಒಟ್ಟು 450 ನಿಮಿಷ. ಹಿಂದಕ್ಕೆ ಸರಿದ 90 ಜನರ ಮುಂದೆ ಹತ್ತು ಜನ ಹೆಚ್ಚಾದರು. ತಲಾ 5 ನಿಮಿಷ ನಷ್ಟ, ಒಟ್ಟು 450 ನಿಮಿಷ. ಒಂದು ನಿಮಿಷವೂ ಹುಟ್ಟಲಿಲ್ಲ, ಸಾಯಲಿಲ್ಲ. ಶಕ್ತಿಯ ಸಂರಕ್ಷಣೆಯ ಪಾಠ ನೆನಪಾಗುತ್ತದೆಯಲ್ಲವೇ? ಹತ್ತು ಜನ ಕೊಂಡದ್ದು ತೊಂಬತ್ತು ಜನರ ಐದೈದು ನಿಮಿಷಗಳನ್ನು. ಹಣ ಮಾತ್ರ ಆ ತೊಂಬತ್ತು ಜನರಿಗೆ ಹೋಗಲಿಲ್ಲ.

ಕ್ಲಿಯರ್‌ನ ಮಾದರಿ ಹೆಚ್ಚುಕಡಿಮೆ ಇದು. ಗುರುತುಪತ್ರ ನೋಡುವ ಹಂತದಲ್ಲಿ ಯಂತ್ರದಿಂದ ಸ್ವಲ್ಪ ಸಮಯ ಉಳಿಯಬಹುದು, ಅಷ್ಟನ್ನು ಕಳೆಯೋಣ. 2024ರಲ್ಲಿ ಕ್ಯಾಲಿಫೋರ್ನಿಯಾದ ಸೆನೆಟರ್ ಜಾಷ್ ನ್ಯೂಮನ್ ಇದನ್ನೇ ಆಕ್ಷೇಪಿಸಿ, ಇಂಥ ಕಂಪನಿ ಸಾರ್ವಜನಿಕ ಸಾಲಿನೊಳಗೆ ತನ್ನವರನ್ನು ನುಗ್ಗಿಸಬಾರದು, ಪ್ರತ್ಯೇಕ ಸಾಲು ಇಟ್ಟುಕೊಳ್ಳಲಿ ಎಂಬ ಮಸೂದೆ ತಂದರು. ವಿಮಾನ ಕಂಪನಿಗಳು ವಿರೋಧಿಸಿದವು, ಮಸೂದೆ ಕಾನೂನಾಗಲಿಲ್ಲ.

ಪ್ರೀಚೆಕ್‌ಗೆ ಬರೋಣ. ಆ ಹತ್ತು ಜನರ ತಪಾಸಣೆ 15 ಸೆಕೆಂಡಿನಲ್ಲಿ ಮುಗಿಯುತ್ತದೆ ಎನ್ನಿ. ಆಗ ಉಳಿದವರಿಗೆ ಆಗುವ ನಷ್ಟ ತಲಾ ಎರಡೂವರೆ ನಿಮಿಷ, ಒಟ್ಟು 225. ಲಾಭ 450ಕ್ಕಿಂತ ತುಸು ಹೆಚ್ಚು. ಇಲ್ಲಿ ನಿಜವಾಗಿ ಸಮಯ ಉಳಿಯಿತು. ಯಾರಿಂದ ಅಪಾಯ ಕಡಿಮೆಯೋ ಅವರ ಮೇಲೆ ಕಡಿಮೆ ಶ್ರಮ, ಉಳಿದ ಶ್ರಮ ಬೇರೆಯವರ ಮೇಲೆ ಎಂಬ ತರ್ಕ ವಿಜ್ಞಾನ ಓದಿದವರಿಗೆ ಒಪ್ಪಿಗೆಯಾಗುವಂಥದೇ. ಪ್ರತ್ಯೇಕ ಸಾಲು, ಪ್ರತ್ಯೇಕ ಯಂತ್ರ ಇಟ್ಟಾಗ ಲೆಕ್ಕ ಬದಲಾಗುತ್ತದೆ. ಆ ಯಂತ್ರದ ಮುಂದೆ ನಿಂತ ನೌಕರರನ್ನು ಎಲ್ಲಿಂದ ತಂದಿರಿ ಎಂಬುದರ ಮೇಲೆ.

ಇನ್ನೊಂದು ಹೆಜ್ಜೆ. ಮುಂದಿನ ಜಾಗವನ್ನು ಕೊನೆಯ 10 ಜನರ ಬದಲು ಕೊನೆಯ 50 ಜನ ಕೊಂಡರೆ? ತಲಾ ಉಳಿತಾಯ 25 ನಿಮಿಷಕ್ಕೆ ಇಳಿಯಿತು. 90 ಜನ ಕೊಂಡರೆ 5 ನಿಮಿಷ. ನೂರಕ್ಕೆ ನೂರು ಕೊಂಡರೆ ಸೊನ್ನೆ; ಹಣ ಕೊಟ್ಟು ಎಲ್ಲರೂ ಮೊದಲಿದ್ದಲ್ಲೇ ನಿಂತಿರುತ್ತಾರೆ. ಬೇರೆಯವರು ಕೊಳ್ಳದಿದ್ದರೆ ಮಾತ್ರ ಬೆಲೆ ಬಾಳುವ ವಸ್ತು ಇದು. 2024ರ ಆಗಸ್ಟಿನಲ್ಲಿ ಪ್ರೀಚೆಕ್ ಸದಸ್ಯರ ಸಂಖ್ಯೆ ಎರಡು ಕೋಟಿ ದಾಟಿತು. ಅಲ್ಲಿ ತಪಾಸಣೆಯೇ ಚಿಕ್ಕದಾದ್ದರಿಂದ ಲಾಭ ಪೂರ್ತಿ ಸೊನ್ನೆಯಾಗುವುದಿಲ್ಲ, ಆದರೆ ಕರಗುತ್ತದೆ.

ಲೆಕ್ಕದ ಪುಸ್ತಕದಲ್ಲಿ ಬಾರದ ಒಂದು ಸಂಗತಿ 2016ರ ಬೇಸಿಗೆಯಲ್ಲಿ ಕಾಣಿಸಿಕೊಂಡಿತು. ಜನ ದೊಡ್ಡ ಸಂಖ್ಯೆಯಲ್ಲಿ ಪ್ರೀಚೆಕ್‌ಗೆ ಸೇರುತ್ತಾರೆ, ಕೆಲಸ ಹಗುರವಾಗುತ್ತದೆ ಎಂದು ನಂಬಿ ಟಿಎಸ್‌ಎ ತನ್ನ ತಪಾಸಣಾ ಸಿಬ್ಬಂದಿಯನ್ನು ಕೆಲವು ವರ್ಷಗಳಲ್ಲಿ ಸುಮಾರು 47 ಸಾವಿರದಿಂದ 42 ಸಾವಿರಕ್ಕೆ ಇಳಿಸಿತ್ತು. ಎರಡೂವರೆ ಕೋಟಿ ಜನ ಸೇರುವ ನಿರೀಕ್ಷೆಯಿತ್ತು; ಸೇರಿದವರು ಅದರ ಅರ್ಧವೂ ಇರಲಿಲ್ಲ. ಪ್ರಯಾಣಿಕರ ಸಂಖ್ಯೆ ಮಾತ್ರ ಏರಿತ್ತು. ಮೇ 15ರ ಭಾನುವಾರ ಶಿಕಾಗೋದ ಓಹೇರ್ ನಿಲ್ದಾಣದಲ್ಲಿ ಸಾಲು ಕರಗದೆ, ಒಂದೇ ವಿಮಾನ ಕಂಪನಿಯ ಸುಮಾರು 450 ಪ್ರಯಾಣಿಕರಿಗೆ ವಿಮಾನ ತಪ್ಪಿತು. ಹಲವರು ನಿಲ್ದಾಣದಲ್ಲೇ ಮಂಚ ಹಾಕಿಸಿಕೊಂಡು ರಾತ್ರಿ ಕಳೆದರು. ಅವರು ಮಾಡಿದ ತಪ್ಪೇನು? ಟಿಕೆಟ್ಟಿನೊಡನೆ ಭದ್ರತಾ ಶುಲ್ಕ ಕಟ್ಟಿದ್ದರು, ಅದರ ಒಂದು ಪಾಲು ಬೇರೆಡೆಗೆ ಹೋಗಿತ್ತು. ಅದರ ಮೇಲೆ ಇನ್ನೊಂದು ಶುಲ್ಕ ಕಟ್ಟಿರಲಿಲ್ಲ.

ನನಗೆ ಅನುಮಾನ ಹುಟ್ಟುವುದು ಇಲ್ಲಿಯೇ. ಹಣ ಕೊಟ್ಟವನು ಬೇಗ ಹೋಗುವುದರ ಬಗ್ಗೆ ನನಗೆ ಹೊಟ್ಟೆಯುರಿಯಿಲ್ಲ. ಆದರೆ ಚಿಕ್ಕ ಸಾಲನ್ನು ಮಾರುವವನಿಗೆ ದೊಡ್ಡ ಸಾಲು ಚಿಕ್ಕದಾಗುವುದರಲ್ಲಿ ಆಸಕ್ತಿ ಎಷ್ಟಿರುತ್ತದೆ? ಖಾಸಗಿ ಕಂಪನಿಗಂತೂ ಅದು ನೇರ ನಷ್ಟ. ದೂರು ಕೊಡುವ ದನಿಯುಳ್ಳವರು, ಅಧಿಕಾರಿಗಳನ್ನು ಬಲ್ಲವರು, ವಾರಕ್ಕೊಮ್ಮೆ ಹಾರುವವರು ಎಲ್ಲ ಚಿಕ್ಕ ಸಾಲಿಗೆ ಹೋದ ಮೇಲೆ ದೊಡ್ಡ ಸಾಲಿನ ಪರವಾಗಿ ಮಾತನಾಡುವವರಾರು?

ಭದ್ರತೆಯ ಬಗ್ಗೆ ಒಂದು ಮಾತು. ಹೊರಗಿನ ಲಕ್ಷಣ ನೋಡಿ ವಿಶ್ವಾಸ ಇಡುವ ಅಪಾಯ ಡೇಲಿಯವರ ಕಾಲಕ್ಕೇ ಮುಗಿಯಲಿಲ್ಲ. ಸಾಲು ತುಂಬಿಸಲೆಂದು ಸದಸ್ಯರಲ್ಲದವರನ್ನೂ ಟಿಎಸ್‌ಎ ಕೆಲಕಾಲ ಪ್ರೀಚೆಕ್ ಸಾಲಿಗೆ ಕಳಿಸುತ್ತಿತ್ತು. ಹಿಂದೆ ಭಯೋತ್ಪಾದಕ ಗುಂಪಿನಲ್ಲಿದ್ದು ಶಿಕ್ಷೆ ಅನುಭವಿಸಿದ್ದ ವ್ಯಕ್ತಿಯೊಬ್ಬರು ಅರ್ಜಿಯನ್ನೇ ಹಾಕದೆ ಆ ಸಾಲಿನಲ್ಲಿ ದಾಟಿದ್ದರು. ಗುರುತು ಹಿಡಿದ ನೌಕರ ಮೇಲಧಿಕಾರಿಗೆ ಹೇಳಿದರೂ ಬಿಟ್ಟು ಕಳುಹಿಸಿದರು ಎಂದು 2015ರ ಮಾರ್ಚಿನಲ್ಲಿ ಸರಕಾರದ ತನಿಖಾ ವರದಿ ಹೇಳಿತು.

ಅಳಿಯನಿಗೆ ಹೇಳಿದ್ದು

ಅವನದು ಭಾರತದ ಪಾಸ್‌ಪೋರ್ಟು, ಅಮೆರಿಕದಲ್ಲಿ ವೀಸಾ ಮೇಲಿದ್ದಾನೆ. ಪ್ರೀಚೆಕ್‌ಗೆ ನೇರವಾಗಿ ಅರ್ಜಿ ಹಾಕಲು ಅಲ್ಲಿನ ನಾಗರಿಕರಾಗಿರಬೇಕು ಇಲ್ಲವೆ ಕಾಯಂ ನಿವಾಸಿಯಾಗಿರಬೇಕು. ಆದರೆ 'ಗ್ಲೋಬಲ್ ಎಂಟ್ರಿ' ಎಂಬ ಇನ್ನೊಂದು ಯೋಜನೆಯಿದೆ. ಹೊರದೇಶದಿಂದ ಬಂದಿಳಿದಾಗ ವಲಸೆ ತಪಾಸಣೆ ಬೇಗ ಮುಗಿಸಲು 2008ರಲ್ಲಿ ಪ್ರಯೋಗವಾಗಿ ಶುರುವಾದದ್ದು. 2017ರ ಜುಲೈಯಿಂದ ಭಾರತೀಯರಿಗೂ ಅದು ತೆರೆದಿದೆ. ಸದಸ್ಯರಾದವರಿಗೆ ಪ್ರೀಚೆಕ್ ಸೌಲಭ್ಯವೂ ಸೇರಿ ಬರುತ್ತದೆ. ಬೆಂಗಳೂರು, ಮಂಗಳೂರು, ಹುಬ್ಬಳ್ಳಿಯಿಂದ ಹೋಗಿ ಅಲ್ಲಿ ನೆಲೆಸಿದ ನಮ್ಮ ಎಷ್ಟೋ ಹುಡುಗರಿಗೆ ಇರುವ ದಾರಿ ಇದೇ. ಶುಲ್ಕ 2024ರ ಅಕ್ಟೋಬರ್ 1ರಿಂದ 100ರ ಬದಲು 120 ಡಾಲರ್, ಐದು ವರ್ಷಕ್ಕೆ.

ವರ್ಷಕ್ಕೆ 24 ಡಾಲರ್ ಆಯಿತು. ನಾಲ್ಕು ಪ್ರಯಾಣ ಎಂದರೆ ಎಂಟು ತಪಾಸಣೆ. ಒಂದಕ್ಕೆ 3 ಡಾಲರ್. ಊರಿಗೆ ಬಂದು ಹೋಗುವಾಗ ವಲಸೆ ಕಟ್ಟೆಯಲ್ಲಿ ಉಳಿಯುವ ಸಮಯ ಬೇರೆ. ತೆಗೆದುಕೋ ಎಂದೆ. ಕ್ಲಿಯರ್‌ನ ಶುಲ್ಕ 2024ರಲ್ಲಿ ವರ್ಷಕ್ಕೆ 199 ಡಾಲರ್ ಇತ್ತು. ಅಷ್ಟೇ ಪ್ರಯಾಣ ಮಾಡುವವನಿಗೆ ಒಂದು ತಪಾಸಣೆಗೆ ಸುಮಾರು 25 ಡಾಲರ್ ಬೀಳುತ್ತಿತ್ತು, ಬೂಟು ಬಿಚ್ಚುವುದೂ ಆಗ ತಪ್ಪುತ್ತಿರಲಿಲ್ಲ. ವರ್ಷಕ್ಕೊಮ್ಮೆ ಹೋಗಿಬರುವವನಿಗೆ ನೂರು ಡಾಲರ್. ವಾರಕ್ಕೊಮ್ಮೆ ಹಾರುವ ವ್ಯಾಪಾರಸ್ಥನಿಗೆ ಎರಡು ಡಾಲರಿಗೂ ಕಡಿಮೆ, ಅವನು ಕೊಳ್ಳಲಿ. ಕೆಲವು ಕ್ರೆಡಿಟ್ ಕಾರ್ಡುಗಳು ಈ ಶುಲ್ಕಗಳನ್ನು ತಾವೇ ಭರಿಸುತ್ತವೆ, ಆಗ ಲೆಕ್ಕವೇ ಬೇಡ ಎನ್ನುತ್ತಾರೆ. ಕಾರ್ಡಿನ ವಾರ್ಷಿಕ ಶುಲ್ಕ ಯಾರ ಜೇಬಿನಿಂದ ಬಂತೆಂದು ಕೇಳಿಕೊಂಡರೆ ಲೆಕ್ಕ ಮತ್ತೆ ಬೇಕಾಗುತ್ತದೆ.

ನಮ್ಮ ದೇಶದ ವಿಷಯವನ್ನೂ ಅವನು ಕೇಳಿದ. ಇಲ್ಲಿ 2024ರ ಜೂನ್ 22ರಂದು ದೆಹಲಿಯಲ್ಲಿ ಆರಂಭವಾದ ತ್ವರಿತ ವಲಸೆ ಯೋಜನೆ 2025ರ ಜನವರಿ 16ರಿಂದ ಬೆಂಗಳೂರು ಸೇರಿ ಇನ್ನೂ ಏಳು ನಿಲ್ದಾಣಗಳಿಗೆ ಬಂದಿದೆ. ಬೆರಳಚ್ಚು, ಮುಖದ ಚಿತ್ರ ಕೊಡಬೇಕು; ಶುಲ್ಕವಿಲ್ಲದೆ ಆರಂಭವಾದ ಯೋಜನೆ ಅದು. ಆದರೆ ಅದು ವಲಸೆ ಕಟ್ಟೆಯ ಮಾತು, ಭದ್ರತಾ ತಪಾಸಣೆಯ ಮಾತಲ್ಲ. ಎರಡನ್ನೂ ಒಂದೆಂದು ತಿಳಿಯಬಾರದು.

ಅವನು ಗ್ಲೋಬಲ್ ಎಂಟ್ರಿ ಮಾಡಿಸಿಕೊಂಡ. 2025ರ ಜುಲೈಯಲ್ಲಿ ಅಮೆರಿಕ ಸರಕಾರ ಬೂಟು ಬಿಚ್ಚುವ ನಿಯಮವನ್ನು ಎಲ್ಲರಿಗೂ ಕೈಬಿಟ್ಟಿತು. ಹನ್ನೆರಡು ವರ್ಷ ಹಣಕ್ಕೆ ಮಾರಿದ ಸೌಲಭ್ಯಗಳಲ್ಲಿ ಒಂದು ಹೀಗೆ ಪುಕ್ಕಟೆಯಾಯಿತು. ಅದರ ಮುಂದಿನ ತಿಂಗಳು ಅಕ್ಕ ಮಗನ ಮನೆಗೆ ಹೋಗಿದ್ದಳು. ಇಬ್ಬರೂ ಕ್ಯಾಲಿಫೋರ್ನಿಯಾ ನೋಡಲು ಸಿಯಾಟಲ್‌ನಿಂದ ಹೊರಟರು. ಹನ್ನೆರಡು ವರ್ಷದೊಳಗಿನ ಮಗುವಾದರೆ ತಂದೆತಾಯಿಯ ಜೊತೆ ಚಿಕ್ಕ ಸಾಲಿನಲ್ಲಿ ಹೋಗಬಹುದು; ಮಗನ ಸದಸ್ಯತ್ವದ ಮೇಲೆ ತಾಯಿ ಹೋಗುವಂತಿಲ್ಲ. ಅವನ ಬೋರ್ಡಿಂಗ್ ಪಾಸಿನ ಮೇಲೆ ಗುರುತು ಇತ್ತು, ಅವಳದರ ಮೇಲೆ ಇರಲಿಲ್ಲ. ಅವನು ಅಮ್ಮನ ಜೊತೆ ದೊಡ್ಡ ಸಾಲಿಗೇ ನಿಂತ.

"ಮುಕ್ಕಾಲು ಗಂಟೆ ಆಯ್ತು ಕಣೋ," ಎಂದಳು ಅಕ್ಕ ಫೋನಿನಲ್ಲಿ. "ಚಪ್ಪಲಿ ಬಿಚ್ಚು ಅಂತ ಯಾರೂ ಹೇಳ್ಲಿಲ್ಲ. ಅವನು ಅಷ್ಟು ಹೊತ್ತು ಒಂದೇ ಕಡೆ ನಿಂತು ನನ್ನ ಜೊತೆ ಮಾತಾಡಿದ್ದು ನಾನು ಅಲ್ಲಿಗೆ ಹೋದ ಮೇಲೆ ಅದೇ ಮೊದಲು."